ಡೀಸೆಲ್ ನೀರೋ ಬೆಂಕಿಯೋ

ಜೂನ್ 18, ಬುಧವಾರ

ಇವತ್ತು ಟ್ಯಾಂಕ್ ಪೂರ್ತಿ ಖಾಲಿ ಮಾಡಲಿಲ್ಲ. ಬೇಕಂತಲೇ ಅಲ್ಲ. ಸಾಕಾಗಿ ಹೋಯಿತು, ಅಷ್ಟೆ.

ಬೆಳಿಗ್ಗೆಯಿಂದ ಸುರಿವ ಮಳೆಯಲ್ಲಿ ಎರಡು ಗದ್ದೆ ಹೂಡಿದೆ. ಸಂಜೆ ಟ್ರ್ಯಾಕ್ಟರನ್ನು ಕೊಟ್ಟಿಗೆಗೆ ತಂದು ನಿಲ್ಲಿಸಿ, ಪೈಪಿನ ಒಂದು ತುದಿ ಟ್ಯಾಂಕಿಗಿಳಿಸಿ ಇನ್ನೊಂದು ತುದಿ ಬಾಯಲ್ಲಿಟ್ಟು ಎಳೆದರೆ ಬಾಯಿ ತುಂಬ ಡೀಸೆಲ್. ಥೂ! ಎಷ್ಟು ಉಗಿದರೂ ಹೋಗುವುದಿಲ್ಲ. ಬಂಗುಡೆ ಸಾರು ಉಂಡರೂ ಅದೇ ರುಚಿ. ಕ್ಯಾನಿಗೆ ಹರಿಯಲು ಬಿಟ್ಟು ಕೂತೆ. ಅಡಿಯಲ್ಲಿ ಎರಡು ಲೀಟರ್ ಉಳಿದಿರಬಹುದು. ಅದಕ್ಕೆ ಪೈಪ್ ಓರೆ ಮಾಡಿ, ಮತ್ತೆ ಮತ್ತೆ ಬಾಯಲ್ಲಿ ಎಳೆಯಬೇಕು. ಸೊಂಟ ಬಗ್ಗಲು ಬಿಡಲಿಲ್ಲ. ಹೋಗಲಿ ಸಾಯಲಿ ಅಂತ ಮುಚ್ಚಳ ಹಾಕಿ ಬಂದೆ.

ನಲವತ್ತೇಳು ವರ್ಷದ ಹೆಂಗಸು ಯಾಕೆ ದಿನ ಬಿಟ್ಟು ದಿನ ಡೀಸೆಲ್ ಕುಡಿಯುತ್ತಾಳೆ ಅಂತ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಸೊಸೈಟಿಯವರು ಪುಕ್ಕಟೆ ಕೊಟ್ಟ ಡೈರಿ ಖಾಲಿ ಬಿದ್ದಿದೆ, ಇದರಲ್ಲಾದರೂ ಬರೆದಿಡುತ್ತೇನೆ.

ಟ್ರ್ಯಾಕ್ಟರ್ ಅಮ್ಮನದ್ದು. ಸಣ್ಣದು, ಸಬ್ಸಿಡಿಯಲ್ಲಿ ಅಮ್ಮನ ಹೆಸರಿಗೆ ಬಂದದ್ದು. ಅಮ್ಮ ಹೋದ ಮೇಲೆ ಇಬ್ಬರು ಹೆಣ್ಣುಮಕ್ಕಳಿಗೂ ಸೇರಿತು, ನನಗೂ ಆಚೆಮನೆಯವಳಿಗೂ. ಆಚೆಮನೆಯವಳು ಅಂದರೆ ವನಜ, ನನಗಿಂತ ಆರು ವರ್ಷ ದೊಡ್ಡವಳು, ನಡುವೆ ಒಂದು ಗದ್ದೆ ಬಿಟ್ಟು ಮನೆ. ಹೋದ ವರ್ಷ ಅಮ್ಮನ ಬೊಜ್ಜ, ಉತ್ತರಕ್ರಿಯೆ, ಮುಗಿದ ಮರುದಿನ ನಮ್ಮ ಹಾಯ್ಗುಳಿ ದೈವದ ಎದುರು ನಿಂತು, “ಇನ್ನ್ ಸಾಯುವರಿಗೂ ಇವ್ಳ ಮನಿ ಬೆಂಕಿ ನೀರ್ ನಂಗ್ ಬ್ಯಾಡ, ಮುಟ್ಟಿರೆ ದೈವ ಕಾಣ್ಲಿ” ಅಂದವಳು ಅವಳು. ನಾನು ಸುಮ್ಮನಿರುವ ಪೈಕಿಯಾ? “ನಂಗೂ ಬ್ಯಾಡ” ಅಂದೆ. ಇಬ್ಬರದ್ದೂ ಆಣೆ ಆಯಿತು.

ಕಡೇ ಗಳಿಗೆಯಲ್ಲಿ ಅಮ್ಮನ ಬಾಯಿಗೆ ನೀರು ಬಿಡಲು ತನ್ನನ್ನು ಕರೆಯಲಿಲ್ಲ ಎಂಬುದು ಅವಳ ಸಿಟ್ಟು. ಅವತ್ತು ಅವಳು ಮೊಮ್ಮಗನ ಅಕ್ಷರಾಭ್ಯಾಸ ಅಂತ ಕೊಲ್ಲೂರಿನಲ್ಲಿದ್ದಳು. ನಮ್ಮಲ್ಲಿ ಲೈನ್ ರಿಪೇರಿ, ಬೆಳಿಗ್ಗೆಯಿಂದ ಕರೆಂಟ್ ಇಲ್ಲ, ನನ್ನ ಮೊಬೈಲ್ ಸತ್ತಿತ್ತು, ಕರೆಂಟ್ ಬಂದ ಮೇಲೇ ಫೋನ್ ಮಾಡಲು ಆದದ್ದು. ಹಾಗಂತ ಹೇಳಿದೆ. ಅವಳು ನಂಬಲಿಲ್ಲ.

ಬೆಂಕಿ ನೀರು ಬೇಡ ಅಂದಮೇಲೆ ನನ್ನ ಡೀಸೆಲ್ ಅವಳ ಗದ್ದೆಯಲ್ಲಿ ಉರಿಯಬಹುದಾ? ಅಮ್ಮನ ತಮ್ಮ ಅಣ್ಣಯ್ಯ ಮಾವ, ಹಾಯ್ಗುಳಿಗೆ ದೀಪ ಇಡುವವರು, ಒಂದು ನಿಯಮ ಮಾಡಿದರು. ಮಷೀನು ಇಬ್ಬರದ್ದು, ಎಣ್ಣೆ ಅವರವರದ್ದು. ದಿನ ಬಿಟ್ಟು ದಿನ ಸರ್ತಿ, ಒಂದು ದಿನ ನನ್ನದು, ಮರುದಿನ ಅವಳದ್ದು. ಸರ್ತಿ ಮುಗಿದ ಸಂಜೆ ಟ್ಯಾಂಕ್ ಒಣಗಿಸಿ ಬಿಡಬೇಕು. ಇದು ಎರಡನೇ ಮಳೆಗಾಲ.

ನಾಳೆ ಅವಳ ಸರ್ತಿ. ಅಡಿಯಲ್ಲಿ ನನ್ನ ಎರಡು ಲೀಟರ್ ಇದೆ. ಇರಲಿ ಬಿಡು.

ಜೂನ್ 19, ಗುರುವಾರ

ಆಚೆಮನೆಯ ಕೆಲಸದ ಆಳು ಶೀನ ಒಂದೇ ಚಾವಿಗೆ ಸ್ಟಾರ್ಟ್ ಮಾಡಿದ! ಒಣ ಟ್ಯಾಂಕಿಗೆ ಎಣ್ಣೆ ಹೊಯ್ದರೆ ಪೈಪಿನಲ್ಲಿ ಗಾಳಿ ಹಿಡಿದು ಅರ್ಧ ಗಂಟೆ ಗುದ್ದಾಡಬೇಕು, ಬಾಯಿಗೆ ಬಂದಂತೆ ಬೈಯುತ್ತಾನೆ. ಇವತ್ತು ಬೈಗುಳ ಇಲ್ಲ. ನನ್ನ ಎರಡು ಲೀಟರಿನ ಪುಣ್ಯ. ಅವಳು ಕೊಡೆ ಹಿಡಿದು ಗದ್ದೆ ಅಂಚಿನಲ್ಲಿ ನಿಂತು ದೊಡ್ಡ ಯಜಮಾನ್ತಿ ಹಾಗೆ ನೋಡುತ್ತಿದ್ದಳು. ಮಜಾ ಬಂತು.

ಮಧ್ಯಾಹ್ನದ ಮೇಲೆ ಮಜಾ ಹೋಯಿತು. ಎರಡು ಸಲ ಅಂಗಳಕ್ಕೆ ಹೋಗಿ ಆಚೆ ನೋಡಿ ಬಂದೆ. ಯಾಕೆ ನೋಡಿದೆ ಅಂತ ಗೊತ್ತಿಲ್ಲ.

ಜೂನ್ 20, ಶುಕ್ರವಾರ

ಬೆಳಿಗ್ಗೆ ಕೊಟ್ಟಿಗೆಯಲ್ಲಿ ಶೀನ ಸಿಕ್ಕಿದ. “ವಿನಯಮ್ಮ, ವನಜಮ್ಮ ಬಿದ್ರ್ ಮರಾಯ್ರೆ. ನಿನ್ನಿ ಸಂಜಿ, ಬಾಯಿಕಟ್ಟಿ ಹತ್ರ ಪಾಚಿ ಮೇಲ್ ಕಾಲಿಟ್ಟ್. ಬಲಗೈ ಮುರಿದಿತ್. ಕುಂದಾಪ್ರಕ್ ಕರ್ಕಂಡ್ ಹೋಯಿ ಪಟ್ಟಿ ಹಾಕ್ಸಿ ಬಂದ್ರ್.”

“ನಂಗೆಂತಕ್ ಹೇಳ್ತೆ?” ಅಂದೆ. ಅವನು ಮುಖ ನೋಡಿ ಹೋದ.

ಬಾವಿಕಟ್ಟೆಯಲ್ಲಿ ಪಾಚಿ ಇದ್ದರೆ ಯಾರಾದರೂ ಜಾರುತ್ತಾರೆ. ಡೀಸೆಲಿಗೂ ಪಾಚಿಗೂ ಎಂತ ಸಂಬಂಧ? ಅವಳು ಹೂಡಿಸಿದ್ದು ಬೆಳಿಗ್ಗೆ, ಬಿದ್ದದ್ದು ಸಂಜೆ. ಹೊಡೆಯುವುದಿದ್ದರೆ ದೈವ ಸಂಜೆ ತನಕ ಕಾಯುತ್ತದಾ?

ಇವತ್ತು ಗದ್ದೆಯಲ್ಲಿ ಎರಡು ಸಲ ಸಾಲು ತಪ್ಪಿದೆ. ಸಂಜೆ ಟ್ಯಾಂಕನ್ನು ಹನಿ ಉಳಿಯದಂತೆ ಎಳೆದೆ. ಬಟ್ಟೆ ತೂರಿಸಿ ಒರೆಸಿಯೂ ಒರೆಸಿದೆ.

ಜೂನ್ 22, ಭಾನುವಾರ

ಗಾಳಿ ಹಿಡಿಯಿತು. ಒಂದೂವರೆ ತಾಸು. ಪಂಪಿನ ತಿರುಪು ಸಡಿಲಿಸಿ, ಒತ್ತಿ ಒತ್ತಿ ಹೆಬ್ಬೆರಳು ಬಾತಿದೆ. ಬರೆಯಲಾಗುವುದಿಲ್ಲ.

ಜೂನ್ 24, ಮಂಗಳವಾರ

ಕೆಲಸ ಬೇಗ ಮುಗಿಸಿ ಅಣ್ಣಯ್ಯ ಮಾವನ ಮನೆಗೆ ಹೋದೆ. ಮಾವಿನಮಿಡಿ ಉಪ್ಪಿನಕಾಯಿ ಕೊಡುವ ನೆಪ. ಮಾವ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು.

“ಮಾವ, ಸುಮ್ನೆ ಒಂದ್ ಮಾತ್ ಕೇಂತೆ. ಡೀಸೆಲ್ ಅಂದ್ರೆ ನೀರಾ, ಬೆಂಕಿಯಾ?”

“ಎಂತಕ್ಕ್?”

“ಸುಮ್ನೆ.”

ಎಲೆ ಮಡಚಿ ಬಾಯಿಗಿಟ್ಟು, ಅಗಿದು, ಅಂಗಳಕ್ಕೆ ಉಗಿದು, ಆಮೇಲೆ ಹೇಳಿದರು: “ಕ್ಯಾನಿನಲ್ ಇಪ್ಪ ತನಕ ನೀರ್. ಇಂಜಿನಿಗ್ ಹೋದ್ಮೇಲೆ ಬೆಂಕಿ. ಎರಡೂ ಆಯ್ತಲೆ ಹೆಣೆ!”

ಅಯ್ಯಬ್ಯಾ! ಒಂದಾದರೂ ಅಲ್ಲ ಅನ್ನುತ್ತಾರೆ ಅಂತ ಹೋದವಳು ನಾನು.

“ಗೊತ್ತಿಲ್ದೆ ಮುಟ್ಟಿರೆ?”

“ಗೊತ್ತಿಲ್ದೆ ಮುಟ್ಟಿದ್ದಕ್ಕ್ ಹಾಯ್ಗುಳಿ ಎಂತದೂ ಮಾಡುದಿಲ್ಲೆ. ಅದೂ ನಮ್ಮಾಂಗೆ ಗದ್ದಿ ಕಂಡದ್ದೇ.” ನನ್ನನ್ನು ಒಂದು ಸಲ ನೋಡಿದರು. “ಸುಳ್ಳ್ ಹೇಳಿ ಆಣಿ ಹಾಕ್ರೆ ಮಾತ್ರ ಕಷ್ಟ. ಅದ್ ಹಾಕಿದವ್ರಿಗ್ ತಾಗುದಿಲ್ಲೆ, ಎದ್ರ್ ನಿಂತವ್ರಿಗ್ ತಾಗತ್ತ್ ಅಂಬ್ರ್ ಹಿರಿಯರ್.”

ಅದನ್ನು ಯಾಕೆ ಹೇಳಿದರು? ನಾನು ಕೇಳಿದ್ದು ಡೀಸೆಲ್ ವಿಷಯ. ಉಪ್ಪಿನಕಾಯಿ ಭರಣಿ ಅಲ್ಲೇ ಬಿಟ್ಟು, ಕೊಡೆಯನ್ನೂ ಬಿಟ್ಟು ನೆನೆಯುತ್ತ ಬಂದೆ.

ಜೂನ್ 25, ಬುಧವಾರ

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನೇನೂ ಮುಟ್ಟಿ ನೋಡಿಕೊಂಡಿಲ್ಲ.

ಜೂನ್ 27, ಶುಕ್ರವಾರ

ಕೊಡೆ ತರಲು ಮಾವನ ಮನೆಗೆ ಹೋಗಬೇಕು, ಹೋಗಲಿಲ್ಲ. ಕ್ಯಾನಿಗೆ ಡೀಸೆಲ್ ತರಲು ಹೈವೇ ಬಂಕಿಗೆ ಹೋದೆ. ಪ್ಲಾಸ್ಟಿಕ್ ಕ್ಯಾನಿಗೆ ಕೊಡುವುದಿಲ್ಲ ಅಂದ. ಅವನ ಹತ್ತಿರ ಜಗಳ ಮಾಡಿದೆ. ಅವನು ಹೇಳಿದ್ದೇ ಸರಿ ಅಂತ ಗೊತ್ತಿದ್ದೂ ಮಾಡಿದೆ. ತಗಡಿನ ಕ್ಯಾನ್ ತರಲು ಮತ್ತೆ ಮನೆಗೆ ಬಂದು ಹೋಗಬೇಕಾಯಿತು.

ಸಂಜೆ ಪುಣೆಯ ಹೋಟೆಲಿನಿಂದ ನಮ್ಮನೆಯವರು ಫೋನ್ ಮಾಡಿದರು. ಹೋಟೆಲಿನ ಗಲಾಟೆ ಹಿಂದೆ ಕೇಳುತ್ತಿತ್ತು. ಎರಡು ಲೀಟರ್ ವಿಷಯ, ಮಾವ ಆಣೆ ಬಗ್ಗೆ ಅಂದದ್ದು, ಎಲ್ಲ ಹೇಳಿದೆ. ಗಟ್ಟಿಯಾಗಿ ನಗಾಡಿದರು.

“ಅಲ್ದೆ ವಿನಯ, ನೀನೆಂತಕ್ ಹೆದ್ರುದ್? ನೀನೇನ್ ಸುಳ್ಳ್ ಹೇಳಿ ಆಣಿ ಹಾಕಿದ್ಯಾ? ಅವತ್ತ್ ಮೊಬೈಲ್ ಸತ್ತದ್ದೇ ಅಲ್ದಾ?”

“ಹೌದ್” ಅಂದೆ. ಒಲೆ ಮೇಲೆ ಹಾಲಿದೆ ಅಂತ ಇಟ್ಟೆ. ಹಾಲು ಇರಲಿಲ್ಲ.

ಮೊಬೈಲ್ ಸತ್ತಿರಲಿಲ್ಲ.

ಬರೆದು ಹೊಡೆದು ಹಾಕಿದ್ದೆ. ಮತ್ತೆ ಬರೆಯುತ್ತೇನೆ. ಕರೆಂಟ್ ಇರಲಿಲ್ಲ, ಅದು ನಿಜ. ಮೊಬೈಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಇತ್ತು. ಹತ್ತು ಗಂಟೆಗೆ ಅಮ್ಮನ ಉಸಿರು ಬೇರೆ ಆಯಿತು. ನನಗೆ ಗೊತ್ತಾಯಿತು. ವನಜಳಿಗೆ ಫೋನ್ ಮಾಡಿದ್ದು ಒಂದೂಕಾಲಿಗೆ, ಎಲ್ಲ ಮುಗಿದ ಮೇಲೆ.

ಮೂರು ತಿಂಗಳು ಅಮ್ಮನ ಮೈ ಒರೆಸಿದವಳು ನಾನು. ಬಟ್ಟೆ ಒಗೆದವಳು ನಾನು. ಅವಳು ಭಾನುವಾರ ಎರಡು ಎಳನೀರು ಹಿಡಿದುಕೊಂಡು ಬಂದರೆ ಅಮ್ಮನ ಮುಖ ಅರಳುತ್ತಿತ್ತು. ವಾರವಿಡೀ ನನ್ನ ಹತ್ತಿರ ಒಂದು ಮಾತಿಲ್ಲ, ಅವಳು ಬಂದರೆ ಎದ್ದು ಕೂತು ಮಾತು. ಇದೊಂದು ದಿನವಾದರೂ ನನಗೇ ಇರಲಿ ಅನ್ನಿಸಿತು. ಅನ್ನಿಸಿತು ಅಂದರೆ, ಯೋಚನೆ ಮಾಡಿಯೇ ಮೊಬೈಲ್ ಕಪಾಟಿನಲ್ಲಿಟ್ಟೆ.

ಇದನ್ನು ಯಾರೂ ಓದುವುದಿಲ್ಲವಲ್ಲ.

ಜೂನ್ 28, ಶನಿವಾರ

ಶೀನನಿಗೆ ಜ್ವರ, ಮಲಗಿದ್ದಾನೆ. ವನಜಕ್ಕನ ಮೂರು ಗದ್ದೆ ಹಾಗೇ ಇದೆ. ನೆಡಬೇಕಾದ ಭತ್ತದ ಅಗೆ ಬಲಿತು ಹಳದಿ ತಿರುಗುತ್ತಿದೆ, ನಮ್ಮ ಅಂಗಳಕ್ಕೂ ಕಾಣುತ್ತದೆ. ಸೋಮವಾರ ನಟ್ಟಿಗೆ ಹೆಂಗಸರು ಬರುತ್ತಾರಂತೆ, ಆ ದಿನ ತಪ್ಪಿದರೆ ಮತ್ತೆ ಹದಿನೈದು ದಿನ ಅವರು ಸಿಕ್ಕುವುದಿಲ್ಲ. ಬೀಜಾಡಿಯಿಂದ ಕೋಟೇಶ್ವರದ ತನಕ ಯಾರ ಟ್ರ್ಯಾಕ್ಟರೂ ಖಾಲಿ ಇಲ್ಲ. ಮುರಿದ ಕೈಯಲ್ಲಿ ಅವಳು ಎಂತ ಮಾಡುತ್ತಾಳೆ?

ನನಗೆಂತಕ್ಕೆ.

ಜೂನ್ 29, ಭಾನುವಾರ

ಇವತ್ತು ಉದ್ದ ಬರೆಯಬೇಕು.

ಬೆಳಿಗ್ಗೆ ಅವಳ ಮಗಳು ಮೋಕ್ಷಿತಾ ಬ್ರಹ್ಮಾವರದಿಂದ ಸ್ಕೂಟರಿನಲ್ಲಿ ಬಂದಳು. ಶಾಲೆ ಟೀಚರು, ರಜೆಯ ದಿನ. ಚೂಡಿದಾರದ ಪ್ಯಾಂಟ್ ಮಡಚಿ ಟ್ರ್ಯಾಕ್ಟರ್ ಹತ್ತಿದಳು! ಗದ್ದೆಗೇನೋ ಇಳಿಸಿದಳು. ಒಂದು ಸುತ್ತು ಹೋಯಿತು, ಎರಡನೇ ಸುತ್ತಿಗೆ ಕೆಮ್ಮಿತು, ಬಿಳಿ ಹೊಗೆ ಬಿಟ್ಟಿತು, ನಿಂತಿತು. ಕೆಸರಿನ ನಡುವೆ. ಹುಡುಗಿ ಚಾವಿ ತಿರುಗಿಸಿ ತಿರುಗಿಸಿ ಅಳುವ ಹಾಗಾದಳು. ನಾನು ನಮ್ಮ ಅಂಚಿನಲ್ಲಿ ನಿಂತಿದ್ದೆ. ಕಾಲು ಅಲ್ಲೇ ನಿಲ್ಲಲಿಲ್ಲ.

“ಹ್ವಾಯ್! ಸಾಕ್ ನಿಲ್ಸ್! ಬ್ಯಾಟ್ರಿ ಸಾಯತ್ತ್! ಯಾವ ಕ್ಯಾನಿಂದ ಹೊಯ್ದೆ?”

ತೋರಿಸಿದಳು. ಬಾಯಿ ತೆರೆದು ಬಾವಿಕಟ್ಟೆಯ ಹತ್ತಿರ ಇದ್ದ ಕ್ಯಾನು. ವಾರದ ಮಳೆ ಎಲ್ಲ ಅದರೊಳಗೆ. ಡೀಸೆಲ್ ಮೇಲೆ ತೇಲುತ್ತಿತ್ತು, ನೋಡಲು ಡೀಸೆಲೇ. ಸೋಸದೆ ಹಾಗೇ ಹೊಯ್ದಿದ್ದಾಳೆ.

“ಟೀಚರ್ ಆಯಿ ಅಷ್ಟೂ ಗೊತ್ತಿಲ್ಯಾ ನಿಂಗೆ?” ಅಂತ ಬೈದೆ. ಬೈಯುತ್ತಲೇ ಟ್ಯಾಂಕಿನಲ್ಲಿ ಇದ್ದದ್ದೆಲ್ಲ ಎಳೆದು ಚೆಲ್ಲಿದೆ. ಫಿಲ್ಟರಿನ ಕೆಳಗಿನ ಬಟ್ಟಲು ಬಿಚ್ಚಿದರೆ ಅರ್ಧ ನೀರು. ಒರೆಸಿದೆ. ಮನೆಗೆ ಓಡಿ ನನ್ನ ತಗಡಿನ ಕ್ಯಾನ್ ತಂದೆ. ಆಲಿಕೆ ಇಟ್ಟು, ಮೇಲೆ ಹಳೇ ಪಂಚೆಯ ತುಂಡು ಎರಡು ಮಡಿ ಹಾಸಿದೆ.

“ಚಿಕ್ಕಮ್ಮ,” ಅಂದಳು ಮೋಕ್ಷಿತಾ ಮೆಲ್ಲಗೆ, “ಆಣಿ?”

“ಆಣಿ ನಂಗೂ ನಿನ್ನಮ್ಮಂಗೂ. ನಿಂಗೂ ನಂಗೂ ಎಂತ ಆಣಿ? ಕೊಡಿ ಹಿಡಿ, ಮಳಿ ನೀರ್ ಒಳ್ಗ್ ಬೀಳುಕಾಗ.”

“ಗದ್ದಿ ಅಮ್ಮಂದಲ್ದಾ?”

ಹೊಯ್ದೆ. ಸಪೂರ ಧಾರೆ, ಬಟ್ಟೆಯ ಮೇಲೆ ಗುಳ್ಳೆ ಎದ್ದು ಇಳಿಯಿತು. ಕೊನೆಯ ನಾಲ್ಕು ಬೆರಳಿನಷ್ಟನ್ನು ಕ್ಯಾನಿನಲ್ಲೇ ಬಿಟ್ಟೆ, ಕೆಸರು ಯಾವತ್ತೂ ಅಡಿಯಲ್ಲೇ ಇರುವುದು. ಗಾಳಿ ತೆಗೆದು ಚಾವಿ ತಿರುಗಿಸಿದರೆ ಮೂರನೇ ಸಲಕ್ಕೆ ಹಿಡಿಯಿತು. ಹುಡುಗಿಯನ್ನು ಇಳಿಸಿ ನಾನೇ ಹತ್ತಿದೆ. ಮೂರು ಗದ್ದೆಯೂ ಹೂಡಿದೆ. ನನ್ನ ಗದ್ದೆಗಿಂತ ಚೆಂದ ಹೂಡಿದೆ, ಯಾಕೆ ಸುಳ್ಳು ಹೇಳಲಿ.

ಕೊನೇ ಗದ್ದೆಯಲ್ಲಿದ್ದಾಗ ಅಕ್ಕ ಬಂದಳು. ಬಲಗೈ ಕೊರಳಿಗೆ ಕಟ್ಟಿಕೊಂಡು, ಎಡಗೈಯಲ್ಲಿ ಕೊಡೆ. ಬಡವಾಗಿದ್ದಾಳೆ. ಅಂಚಿನಲ್ಲಿ ನಿಂತು, ಹದಿನಾರು ತಿಂಗಳ ಮೇಲೆ ಮೊದಲ ಮಾತು:

“ಯಾರ್ ಡೀಸೆಲ್ ಅದ್?”

ನಾನು ಎಂಜಿನ್ ಸದ್ದಿನ ಮೇಲೆ ಕೂಗಿ ಹೇಳಿದೆ: “ನಿಮ್ದೇ! ನಿಮ್ ಕ್ಯಾನಿಂದೇ!”

ಎಷ್ಟು ಸಲೀಸಾಗಿ ಬಂತು ಬಾಯಿಗೆ. ಮೊಬೈಲ್ ಸತ್ತಿತ್ತು ಅಂದದ್ದೂ ಹೀಗೇ ಬಂದಿತ್ತು. ಮನೆಗೆ ಬಂದು ಮೂರು ಸಲ ಬಾಯಿ ಮುಕ್ಕಳಿಸಿದೆ.

ಜುಲೈ 1, ಮಂಗಳವಾರ

ಅಕ್ಕನ ಗದ್ದೆ ನಿನ್ನೆ ನಟ್ಟಿ ಆಯಿತು. ನನ್ನದು ನಾಡಿದ್ದು. ಎಲ್ಲ ಸರಿ ಹೋಗುತ್ತಿದೆ, ನಾನೊಬ್ಬಳೇ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಕ್ಯಾನ್ ತೊಳೆದದ್ದನ್ನೇ ಮತ್ತೆ ತೊಳೆದೆ. ಅವಳಿಗೆ ಇನ್ನೇನಾದರೂ ಆದರೆ? ಆಣೆ ಅವಳದ್ದು ನಿಜದ್ದು, ನನ್ನದು ಸುಳ್ಳಿನ ಮೇಲೆ ಹಾಕಿದ್ದು. ಮಾವ ಹೇಳಿದ ಹಾಗಾದರೆ ಪೆಟ್ಟು ಬೀಳುವುದು ಅವಳಿಗೇ. ಅವಳಿಗೆ ಈಗಾಗಲೇ ಒಂದೇ ಕೈ.

ಹೇಳಿಬಿಡಬೇಕು. ಹೇಳಿದರೆ ಮುಗಿಯಿತು, ಇನ್ನು ಜನ್ಮಕ್ಕೂ ಮುಖ ನೋಡಲಿಕ್ಕಿಲ್ಲ. ಹಾಗಂತ ಈಗೇನು ನೋಡುತ್ತಿದ್ದಾಳಾ?

ಜುಲೈ 2, ಬುಧವಾರ

ಹೋದೆ. ಹೇಳಿದೆ.

ಅಕ್ಕ ಜಗಲಿಯಲ್ಲಿ ಕೂತಿದ್ದಳು. ಬಂದವರಿಗೆ ನೀರು ಬೆಲ್ಲ ಕೊಡುವ ಜಗಲಿ, ನನಗೆ ಕೊಡುವ ಹಾಗಿಲ್ಲ. ಮೆಟ್ಟಿಲಲ್ಲೇ ನಿಂತೆ.

“ಮೊನ್ನಿ ಹಾಕಿದ್ದ್ ನನ್ ಡೀಸೆಲ್. ಹದ್ನೆಂಟನೇ ತಾರೀಕಿಗೂ ಎರಡ್ ಲೀಟರ್ ಬಿಟ್ಟಿದ್ದೆ. ನೀ ಬಿದ್ದದ್ ಅದ್ರಿಂದ್ಲೇ ಇರ್ಕ್.”

“ಮೊನ್ನಿದ್ ನಂಗೊತ್ತಿತ್ತ್,” ಅಂದಳು. “ನಮ್ ಕ್ಯಾನಲ್ ಇಪ್ಪದ್ ಬರೀ ನೀರ್. ನೀರಲ್ ಟ್ರ್ಯಾಕ್ಟರ್ ಓಡತ್ತಾ? ನಾನೆಂತ ಹೆಡ್ಡಿಯಾ? ಬಿದ್ದದ್ ಪಾಚಿಯಿಂದ. ಕಟ್ಟಿ ಉಜ್ಜ್ ಅಂದೇಳಿ ಶೀನಂಗ್ ಹೇಳಿ ಹೇಳಿ ಸಾಕಾಯ್ತ್.”

ನನಗೆ ನಗು ಬಂತು. ಅವಳಿಗೂ ಬರುತ್ತಿತ್ತೋ ಏನೋ, ತುಟಿ ಅಲ್ಲಾಡಿತು. ಅಷ್ಟಕ್ಕೇ ಮನೆಗೆ ಬಂದಿದ್ದರೆ ಚೆನ್ನಾಗಿರುತ್ತಿತ್ತು. ಬರಲಿಲ್ಲ.

“ಅಕ್ಕ, ಅವತ್ತ್ ಮೊಬೈಲ್ ಸತ್ತಿರ್ಲಿಲ್ಲೆ.”

ಅಕ್ಕ ಮುರಿದ ಕೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ಕೇಳಿದಳು: “ಅಮ್ಮಂಗ್ ಎಷ್ಟೊತ್ತಿಗ್ ಶುರು ಆದ್ದ್?”

“ಹತ್ತಕ್ಕೆ.”

“ನಂಗ್ ಫೋನ್ ಬಂದದ್ ಒಂದೂಕಾಲಿಗೆ.”

“ಹೌದ್.”

“ಕೊಲ್ಲೂರಿಂದ ಕಾರಲ್ ಒಂದೂವರಿ ತಾಸ್.”

“ಹೌದ್.”

“ಮನಿಗ್ ಹೋಗ್ ವಿನಯ.”

ಬೊಬ್ಬೆ ಹಾಕಲಿಲ್ಲ. ಹಾಕಿದ್ದರೆ ನಾನೂ ಹಾಕುತ್ತಿದ್ದೆ. ಅಳು ಬಂತು, ಗದ್ದೆ ಅಂಚಿನಲ್ಲೇ ಕೂತು ಅತ್ತೆ.

ಜುಲೈ 4, ಶುಕ್ರವಾರ

ನನ್ನ ನಟ್ಟಿ ನಿನ್ನೆ ಮುಗಿಯಿತು. ಆಚೆಮನೆ ಬಾಗಿಲು ಮುಚ್ಚಿದೆ. ಇವತ್ತು ಟ್ರ್ಯಾಕ್ಟರಿನದ್ದು ಯಾರ ಸರ್ತಿ ಅಂತ ಲೆಕ್ಕವೇ ತಪ್ಪಿದೆ. ಟ್ಯಾಂಕಿನಲ್ಲಿ ಅರ್ಧ ಡೀಸೆಲ್ ಇದೆ. ತೆಗೆಯಲಿಲ್ಲ.

ಜುಲೈ 6, ಭಾನುವಾರ

ಬೆಳಿಗ್ಗೆ ಕೊಟ್ಟಿಗೆಯಲ್ಲಿ ಕ್ಯಾನಿನ ಅಡಿಯ ಕೆಸರು ಸೋಸುತ್ತಿದ್ದೆ. ಅಕ್ಕ ಬಂದಳು. ಕೊಡೆ ಮಡಚಿ ಗೋಡೆಗೆ ಒರಗಿಸಿ, ಬೋರಲು ಬಿದ್ದ ಖಾಲಿ ಕ್ಯಾನಿನ ಮೇಲೆ ಕೂತಳು. ನಾನು ಪಂಚೆ ತುಂಡು ಕೈಯಲ್ಲಿ ಹಿಡಿದು ನಿಂತೇ ಇದ್ದೆ.

“ಹತ್ತ್ ಗಂಟಿಯಿಂದ ಹೇಳ್,” ಅಂದಳು. “ಒಂದೂಕಾಲಿನವರಿಗೆ. ಎಂತದೂ ಬಿಡುಕಾಗ. ನಂಗ್ ಆ ಮೂರೂಕಾಲ್ ಗಂಟಿ ಬೇಕ್.”

ಹೇಳಿದೆ. ಹತ್ತಕ್ಕೆ ಅಮ್ಮನ ಉಸಿರು ಹೇಗಾಯಿತು, ಹಾಸಿಗೆಯನ್ನು ಕಿಟಕಿ ಹತ್ತಿರ ಎಳೆ ಅಂದದ್ದು, ಎಳೆದದ್ದು, ಉದ್ದು ಕಿತ್ತಾಯಿತಾ ಅಂತ ಕೇಳಿದ್ದು. ತಲೆ ಬಾಚು ಅಂದದ್ದು. ಅವಳು ಒಂದೊಂದನ್ನೂ ಕೇಳಿದಳು. ಯಾವ ಸೀರೆ? ನೀಲಿದು, ಸಣ್ಣ ಅಂಚಿನದ್ದು. ನೋವು ಅಂದಳಾ? ಇಲ್ಲ. ತಲೆ ಬಾಚುವಾಗ ಕಣ್ಣು ಮುಚ್ಚಿದ್ದಳಾ ತೆರೆದಿದ್ದಳಾ? ಅದು ನೆನಪಿಗೆ ಬರಲಿಲ್ಲ, ನೆನಪು ಮಾಡ್ಕೊ ಅಂತ ಕಾದಳು. ತೆರೆದಿದ್ದಳು. ಅಕ್ಕ ಎಡಗೈಯಲ್ಲಿ ಸೆರಗು ಹಿಡಿದು ಅತ್ತಳು. ನಾನು ಹತ್ತಿರ ಹೋದರೆ “ನೀ ಅಲ್ಲೇ ನಿಲ್ಲ್, ಹೇಳ್” ಅಂದಳು.

ಹನ್ನೊಂದೂವರೆಯ ತನಕ ಬಂದಾಗ ಮೋಕ್ಷಿತಾ ಮನೆಯಿಂದ ಮಾತ್ರೆಗೆ ಕರೆದಳು. ಅಕ್ಕ ಎದ್ದಳು. “ಇವತ್ತಿಗ್ ಸಾಕ್. ನಾಳಿ ಇಲ್ಲಿಂದ್ಲೇ ಹೇಳ್” ಅಂದಳು. ಆಣೆ ಬಿಡಿಸುವ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾಳೆ ಹೇಳಬೇಕಾದ್ದನ್ನು ಇಲ್ಲಿ ಒಮ್ಮೆ ಬರೆದು ನೋಡುತ್ತೇನೆ, ಬಾಯಿಗೆ ಬರುತ್ತದಾ ಅಂತ. ಹನ್ನೊಂದೂವರೆಗೆ ಅಮ್ಮ ಬಾಗಿಲ ಕಡೆ ತಿರುಗಿ “ವನಜ ಬಂದ್ಳಾ?” ಕೇಳಿದಳು. ನಾನು ಫೋನೇ ಮಾಡಿರಲಿಲ್ಲ. “ಹೊರಟಿದ್ಳ್ ಅಮ್ಮ, ವಂಡ್ಸೆ ದಾಟಿದ್ಳಂಬ್ರ್” ಅಂದೆ. ಹನ್ನೆರಡಕ್ಕೆ ಮತ್ತೆ ಕೇಳಿದಳು, ಹೆಮ್ಮಾಡಿಗೆ ಬಂದಳಂತೆ ಅಂದೆ. ಆಮೇಲೆ ಕೇಳಿದಾಗ ಕುಂದಾಪುರ ಅಂದೆ. ಕೊನೆಯ ಸಲ ಬಾಯಿ ಮಾತ್ರ ಅಲ್ಲಾಡಿತು, ಏನು ಕೇಳುತ್ತಿದ್ದಾಳೆ ಅಂತ ನನಗೆ ಗೊತ್ತಾಯಿತು. ಕೋಟೇಶ್ವರ, ಇನ್ನು ಐದೇ ನಿಮಿಷ ಅಂದೆ. ಅಮ್ಮ ಬಾಗಿಲನ್ನೇ ನೋಡುತ್ತಿದ್ದಳು.